ಹೊಟ್ಟೆ ಉಬ್ಬರಕ್ಕೆ ಇಂಗು, ಟರ್ಪೆಂಟೈನ್: ಯಾವಾಗ ಮದ್ದು, ಯಾವಾಗ ಅಪಾಯ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಆಕಳ ಹೊಟ್ಟೆ ಉಬ್ಬಿತೆಂದರೆ ಮನೆಯ ಹಿರಿಯರ ಕೈ ಮೊದಲು ಹೋಗುವುದು ಇಂಗಿನ ಡಬ್ಬಿಗೆ. ಇಂಗು ಅರೆದು, ಎಣ್ಣೆಗೆ ಕಲಸಿ, ಗೊಟ್ಟಕ್ಕೆ ತುಂಬಿ ಕುಡಿಸುವುದು ನಮ್ಮ ಕಡೆ ಬಹಳ ಹಳೆಯ ಪದ್ಧತಿ. ಕೆಲವರು ಅದಕ್ಕೆ ಟರ್ಪೆಂಟೈನ್ ಎಣ್ಣೆಯನ್ನೂ ಸೇರಿಸುತ್ತಾರೆ. ಈ ಎರಡೂ ಮೂಲದಲ್ಲಿ ಗಿಡಮರಗಳಿಂದ ಒಸರುವ ರಾಳಗಳೇ. ಒಂದು ಬೇರಿನಿಂದ ಬರುತ್ತದೆ, ಇನ್ನೊಂದು ಮರದ ಕಾಂಡದಿಂದ.

ಈ ಮದ್ದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಪಶುವೈದ್ಯಕೀಯ ಪಠ್ಯಪುಸ್ತಕಗಳಲ್ಲಿಯೂ ಎಣ್ಣೆ, ಟರ್ಪೆಂಟೈನ್ ಮತ್ತು ಇಂಗಿನ ಮಿಶ್ರಣಕ್ಕೆ ಬಹುಕಾಲ ಸ್ಥಾನವಿತ್ತು. ಆದರೆ ಹೊಟ್ಟೆ ಉಬ್ಬುವುದು ಒಂದೇ ಕಾರಣದಿಂದಲ್ಲ. ಒಂದು ಬಗೆಯ ಉಬ್ಬರಕ್ಕೆ ಈ ಗೊಟ್ಟ ಜೀವ ಉಳಿಸುತ್ತದೆ. ಇನ್ನೊಂದು ಬಗೆಗೆ ಅದು ವ್ಯರ್ಥ. ಮತ್ತೊಂದಕ್ಕೆ ಅದೇ ಗೊಟ್ಟ ರಾಸನ್ನು ಕೊಲ್ಲಬಲ್ಲದು. ಹಾಲು ಕೊಡುವ ಒಂದು ಎಮ್ಮೆ ಹೋಯಿತೆಂದರೆ ಹೋಗುವುದು ಒಂದು ವಾರದ ಬಟವಾಡೆಯಲ್ಲ, ಮನೆಯ ವರ್ಷದ ಲೆಕ್ಕವೇ ಬುಡಮೇಲಾಗುತ್ತದೆ. ಆದ್ದರಿಂದ ಈ ಪಾಠವನ್ನು ಸ್ವಲ್ಪ ಸಾವಧಾನದಿಂದ ಓದಿರಿ. ಮನೆಯಲ್ಲಿ ದನ ನೋಡಿಕೊಳ್ಳುವವರು ಹೆಣ್ಣುಮಕ್ಕಳಾದರೆ ಅವರಿಗೆ ಓದಿ ಹೇಳಿರಿ.

ಹೊಟ್ಟೆ ಉಬ್ಬುವುದು ಏಕೆ?

ಮೆಲಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆ ಒಂದು ದೊಡ್ಡ ಹುಳಿ ಬರಿಸುವ ಗಡಿಗೆ ಇದ್ದಂತೆ. ದೊಡ್ಡ ಆಕಳಲ್ಲಿ ಇದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ಅಲ್ಲಿ ಮೇವನ್ನು ಕೊಳೆಸಿ ಜೀರ್ಣ ಮಾಡುತ್ತವೆ. ಈ ಕೆಲಸದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಎಂಬ ಅನಿಲಗಳು ಹುಟ್ಟುತ್ತವೆ. ಚೆನ್ನಾಗಿ ಮೇಯ್ದ ಆಕಳಲ್ಲಿ ಗಂಟೆಗೆ 30ರಿಂದ 50 ಲೀಟರ್‌ವರೆಗೂ ಅನಿಲ ತಯಾರಾಗಬಲ್ಲದು. ರಾಸು ತೇಗುತ್ತಾ ಅದನ್ನು ಹೊರಗೆ ಬಿಡುತ್ತಿರುತ್ತದೆ. ತೇಗು ನಿಂತರೆ ಹೊಟ್ಟೆ ಉಬ್ಬುತ್ತದೆ. ಉಬ್ಬಿದ ಹೊಟ್ಟೆ ಎದೆಯ ಕಡೆಗೆ ಒತ್ತಿ ಶ್ವಾಸಕೋಶಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಕೊನೆಗೆ ರಾಸು ಸಾಯುವುದು ಉಸಿರು ಕಟ್ಟಿ. ಜೋರಾದ ಉಬ್ಬರದಲ್ಲಿ ಇದೆಲ್ಲ ಒಂದೆರಡು ಗಂಟೆಗಳಲ್ಲಿ ಮುಗಿದುಹೋಗಬಹುದು.

ತೇಗು ನಿಲ್ಲುವುದು ಎರಡು ರೀತಿಯಲ್ಲಿ. ಮೊದಲನೆಯದು ನೊರೆ ಉಬ್ಬರ. ಎಳೆಯ ಕುದುರೆ ಮೆಂತೆ, ಅಲಸಂದೆ, ಶೇಂಗಾ ಬಳ್ಳಿ, ಹಸಿ ಕಡಲೆ ಗಿಡ, ತೊಗರಿಯ ಎಳೆ ಚಿಗುರು ಮುಂತಾದ ದ್ವಿದಳ ಮೇವನ್ನು ಹಸಿದ ಹೊಟ್ಟೆಗೆ ಒಮ್ಮೆಲೇ ತಿಂದಾಗ ಒಳಗಿನ ಅನಿಲ ಸಣ್ಣ ಸಣ್ಣ ಗುಳ್ಳೆಗಳಾಗಿ ಮೇವಿನ ರಸದಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಹಾಲು ಉಕ್ಕುವಾಗ ಬರುವ ನೊರೆಯನ್ನು ನೆನಪಿಸಿಕೊಳ್ಳಿರಿ. ಆ ನೊರೆಯನ್ನು ರಾಸು ತೇಗಲಾರದು. ಆಲಮಟ್ಟಿ ಮತ್ತು ನಾರಾಯಣಪುರದ ನೀರು ಬಂದ ಮೇಲೆ ಮುದ್ದೇಬಿಹಾಳ, ಬಾಗೇವಾಡಿ ಕಡೆ ಹಸಿರು ಮೇವು ಹೆಚ್ಚಿದೆ. ಅದು ಹಾಲಿಗೆ ಒಳ್ಳೆಯದೇ. ಒಣ ಕಣಿಕೆ ತಿಂದು ಬೆಳೆದ ದನಕ್ಕೆ ಏಕಾಏಕಿ ಬುಟ್ಟಿಗಟ್ಟಲೆ ಹಸಿರು ಹಾಕಿದರೆ ಮಾತ್ರ ತೊಂದರೆ.

ಎರಡನೆಯದು ಬರಿಯ ಗಾಳಿ ಉಬ್ಬರ. ಇಲ್ಲಿ ನೊರೆ ಇರುವುದಿಲ್ಲ, ಅನಿಲ ಮೇಲೆಯೇ ಸೇರಿಕೊಂಡಿರುತ್ತದೆ. ಆದರೆ ಹೊರಬರುವ ದಾರಿ ಮುಚ್ಚಿರುತ್ತದೆ. ಅನ್ನನಾಳದಲ್ಲಿ ಕಬ್ಬಿನ ತುಂಡು, ಗೋವಿನಜೋಳದ ದಿಂಡು, ಮಾವಿನ ಗೊರಟೆ ಅಥವಾ ಗಜ್ಜರಿ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಹೊಟ್ಟೆಯ ಚಲನೆ ನಿಂತಾಗಲೂ ಆಗುತ್ತದೆ.

ಎರಡರಲ್ಲಿಯೂ ಎಡಪಕ್ಕೆಯ ಹಿಂಭಾಗದಲ್ಲಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವಿನ ಕುಳಿ ತುಂಬಿ ಮೇಲೆದ್ದು ನಿಲ್ಲುತ್ತದೆ. ಬೆರಳಿನಿಂದ ತಟ್ಟಿದರೆ ಡೊಳ್ಳಿನಂತೆ ಸದ್ದು ಬರುತ್ತದೆ. ರಾಸು ಮೇವು ಬಿಡುತ್ತದೆ, ಮೆಲಕು ನಿಲ್ಲಿಸುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಏಳುವುದು ಮಲಗುವುದು ಮಾಡುತ್ತದೆ.

ಇಂಗು ಎಲ್ಲಿಂದ ಬರುತ್ತದೆ, ಏನು ಮಾಡುತ್ತದೆ?

ನಮ್ಮ ಒಗ್ಗರಣೆಗೆ ದಿನವೂ ಬೀಳುವ ಇಂಗು ನಮ್ಮ ನೆಲದ ಬೆಳೆಯಲ್ಲ. ಆಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದ ಒಣ ಬೆಟ್ಟಗಳಲ್ಲಿ ಬೆಳೆಯುವ ಫೆರುಲಾ ಜಾತಿಯ ಗಿಡದ ದಪ್ಪ ಬೇರಿಗೆ ಕಚ್ಚು ಹಾಕಿದಾಗ ಹಾಲಿನಂತಹ ರಸ ಒಸರುತ್ತದೆ. ಅದು ಗಾಳಿಗೆ ಒಣಗಿ ಗಟ್ಟಿಯಾದರೆ ಇಂಗು. ಗಿಡ ರಸ ಕೊಡುವಷ್ಟು ಬಲಿಯಲು ನಾಲ್ಕೈದು ವರ್ಷ ಬೇಕು. ಭಾರತಕ್ಕೆ ವರ್ಷಕ್ಕೆ ಸುಮಾರು 1,200 ಟನ್ ಕಚ್ಚಾ ಇಂಗು ಹೊರದೇಶಗಳಿಂದ ಬರುತ್ತದೆ ಎಂದು 2020ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದರು. ಅದೇ ವರ್ಷ ಅಕ್ಟೋಬರ್ 15ರಂದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಕ್ವಾರಿಂಗ್ ಎಂಬ ಹಳ್ಳಿಯಲ್ಲಿ, ಪಾಲಂಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಇಂಗಿನ ಸಸಿ ನೆಟ್ಟು ನಮ್ಮ ದೇಶದಲ್ಲಿ ಇದರ ಬೇಸಾಯಕ್ಕೆ ನಾಂದಿ ಹಾಡಿದರು. ನಮ್ಮ ಬಿಸಿಲಿಗೆ ಅದು ಬರುವ ಗಿಡವಲ್ಲ, ಆ ಆಸೆ ಬೇಡ.

ಇಲ್ಲಿ ಒಂದು ಸಣ್ಣ ವ್ಯತ್ಯಾಸ ತಿಳಿದಿರಲಿ. ಕರಿಜಾಲಿಯ ಅಂಟು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಧೂಪಕ್ಕೆ ಹಾಕುವ ರಾಳ ನೀರಿನಲ್ಲಿ ಕರಗದು. ಇಂಗಿನಲ್ಲಿ ಅಂಟು, ರಾಳ, ಆವಿಯಾಗುವ ತೈಲ ಮೂರೂ ಕೂಡಿವೆ. ಆದ್ದರಿಂದಲೇ ಒಳ್ಳೆಯ ಇಂಗನ್ನು ನೀರಿನಲ್ಲಿ ಅರೆದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದರ ಕಟು ವಾಸನೆ ಗಂಧಕದ ಅಂಶವಿರುವ ತೈಲದ್ದು. ಆ ತೈಲವೇ ಕರುಳಿನ ಸೆಳೆತವನ್ನು ಸಡಿಲಿಸುತ್ತದೆ, ವಾಯು ಹೊರಬೀಳಲು ನೆರವಾಗುತ್ತದೆ. ಮನುಷ್ಯರ ಹೊಟ್ಟೆನೋವಿಗೆ ಮಜ್ಜಿಗೆಯಲ್ಲಿ ಇಂಗು ಕದಡಿ ಕುಡಿಯುವುದೂ ಇದೇ ಕಾರಣಕ್ಕೆ.

ಆದರೆ ನೇರವಾಗಿ ಹೇಳಬೇಕೆಂದರೆ, ನೊರೆ ಉಬ್ಬರದಲ್ಲಿ ಮುಖ್ಯ ಕೆಲಸ ಮಾಡುವುದು ಇಂಗಲ್ಲ, ಅದರ ಜೊತೆಗಿರುವ ಎಣ್ಣೆ. ಉಕ್ಕುವ ಹಾಲಿಗೆ ಎರಡು ಹನಿ ಎಣ್ಣೆ ಬಿದ್ದರೆ ನೊರೆ ಹೇಗೆ ಇಳಿಯುತ್ತದೆಯೋ ಹಾಗೆಯೇ ಹೊಟ್ಟೆಯೊಳಗೂ ಎಣ್ಣೆ ಗುಳ್ಳೆಗಳನ್ನು ಒಡೆಯುತ್ತದೆ. ಗುಳ್ಳೆ ಒಡೆದ ಮೇಲೆ ಬಿಡುಗಡೆಯಾದ ಗಾಳಿಯನ್ನು ರಾಸು ತೇಗಿ ಹೊರಹಾಕುತ್ತದೆ. ಮನೆಯಲ್ಲಿ ಇಂಗು ಇಲ್ಲವೆಂದು ಅಂಗಡಿಗೆ ಓಡಿ ಅರ್ಧ ಗಂಟೆ ಕಳೆಯಬೇಡಿರಿ. ಬರಿಯ ಎಣ್ಣೆಯೇ ಸಾಕು. ನಮ್ಮ ಜಿಲ್ಲೆಯ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ, ಗಾಣದ ಅಗಸೆ ಎಣ್ಣೆ, ಅಡುಗೆಯ ಸೂರ್ಯಕಾಂತಿ ಎಣ್ಣೆ ಯಾವುದಾದರೂ ಆದೀತು.

ಇನ್ನು ಅಂಗಡಿಯ ಇಂಗಿನ ಮಾತು. ಚಿಕ್ಕ ಡಬ್ಬಿಗಳಲ್ಲಿ ಬರುವುದು ಬಹುತೇಕ ಕಾಂಪೌಂಡೆಡ್ ಇಂಗು, ಅಂದರೆ ಕಚ್ಚಾ ಇಂಗಿಗೆ ಅಂಟು ಮತ್ತು ಗೋಧಿ ಅಥವಾ ಅಕ್ಕಿಯ ಹಿಟ್ಟು ಕೂಡಿಸಿದ್ದು. ಇದು ಕಲಬೆರಕೆಯಲ್ಲ, ಕಾನೂನು ಒಪ್ಪಿದ ಪದ್ಧತಿ. ಮದ್ಯಸಾರದಲ್ಲಿ ಕರಗುವ ಅಂಶ ಶುದ್ಧ ಇಂಗಿನಲ್ಲಿ ಶೇಕಡಾ 12ಕ್ಕೆ ಕಡಿಮೆ ಇರಬಾರದು, ಕಾಂಪೌಂಡೆಡ್ ಇಂಗಿನಲ್ಲಿ ಶೇಕಡಾ 5 ಇದ್ದರೆ ಸಾಕು. ಹಿರಿಯರು ಹೇಳುವ ‘ಅಡಿಕೆಯಷ್ಟು ಇಂಗು’ ಎಂಬ ಅಳತೆ ಹಳೆಯ ಗಟ್ಟಿ ಇಂಗಿನದು. ಇಂದಿನ ಪುಡಿಯನ್ನು ಅಷ್ಟೇ ಹಾಕಿ ‘ಮದ್ದು ಹಾಕಿದ್ದೇವೆ’ ಎಂದು ಕುಳಿತರೆ ನಾವೇ ಇಂಗು ತಿಂದ ಮಂಗನಂತಾಗುತ್ತೇವೆ. ಒಳ್ಳೆಯ ಇಂಗಿನ ಚೂರನ್ನು ಚಮಚದಲ್ಲಿಟ್ಟು ಬೆಂಕಿ ತಾಗಿಸಿದರೆ ಕರ್ಪೂರದಂತೆ ಉರಿಯುತ್ತದೆ. ಹಿಟ್ಟು ಹೆಚ್ಚಿದ್ದರೆ ಉರಿಯದೆ ಕರಕಾಗುತ್ತದೆ.

ಟರ್ಪೆಂಟೈನ್: ಪೇಂಟ್ ಅಂಗಡಿಯ ಶೀಸೆ ಬೇಡ

ಹಿಮಾಲಯದ ತಪ್ಪಲಿನ ಚೀರ್ ಪೈನ್ ಮರಗಳಿಗೆ ಗಾಯ ಮಾಡಿ ಸಂಗ್ರಹಿಸಿದ ರಾಳವನ್ನು ಭಟ್ಟಿ ಇಳಿಸಿದಾಗ ಆವಿಯಾಗಿ ಬರುವ ಎಣ್ಣೆಯೇ ನಿಜವಾದ ಟರ್ಪೆಂಟೈನ್. ಭಟ್ಟಿಯಲ್ಲಿ ಉಳಿಯುವ ಗಟ್ಟಿ ಪದಾರ್ಥ ರೋಸಿನ್. ಈ ಎಣ್ಣೆ ನೊರೆಯನ್ನೂ ಒಡೆಯುತ್ತದೆ, ಹೊಟ್ಟೆಯಲ್ಲಿ ಹುಳಿಯುವ ಕ್ರಿಯೆಯನ್ನೂ ಸ್ವಲ್ಪ ತಡೆಯುತ್ತದೆ. ಆದ್ದರಿಂದಲೇ ಹಳೆಯ ಪಶು ಆಸ್ಪತ್ರೆಗಳ ಕಪಾಟಿನಲ್ಲಿ ಇದಕ್ಕೆ ಜಾಗವಿತ್ತು.

ಇಂದಿನ ಅಪಾಯ ಬೇರೆಯದು. ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿಗಳಲ್ಲಿ ‘ಟರ್ಪೆಂಟೈನ್’ ಅಥವಾ ‘ಟರ್ಪಿನ್’ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಮಿನರಲ್ ಟರ್ಪೆಂಟೈನ್. ಅದು ಮರದ್ದಲ್ಲ, ಸೀಮೆಎಣ್ಣೆಯ ಬಳಗದ ಪೆಟ್ರೋಲಿಯಂ ಪದಾರ್ಥ. ಬಣ್ಣ ತೆಳು ಮಾಡಲು ಇರುವಂಥದು. ಅದನ್ನು ರಾಸಿನ ಹೊಟ್ಟೆಗೆ ಹಾಕುವುದು ವಿಷ ಹಾಕಿದಂತೆ. ಒಂದು ಹನಿ ಶ್ವಾಸನಾಳಕ್ಕೆ ಇಳಿದರೂ ಶ್ವಾಸಕೋಶ ಸುಡುತ್ತದೆ. ಅದೇ ಅಂಗಡಿಯಲ್ಲಿ ಸಿಗುವ ‘ಬಾಯಿಲ್ಡ್ ಲಿನ್‌ಸೀಡ್ ಆಯಿಲ್’ ಕೂಡ ಬೇಡ. ಅಗಸೆ ಎಣ್ಣೆಯೇ ಆದರೂ ಬಣ್ಣ ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಬೆರೆಸಿರುತ್ತಾರೆ.

ಔಷಧಿ ಅಂಗಡಿಯ ನಿಜವಾದ ಟರ್ಪೆಂಟೈನ್ ಕೂಡ ಸೌಮ್ಯ ವಸ್ತುವಲ್ಲ. ಬರಿಯದಾಗಿ ಕುಡಿಸಿದರೆ ಬಾಯಿ, ಅನ್ನನಾಳ, ಹೊಟ್ಟೆ ಎಲ್ಲವನ್ನೂ ಸುಟ್ಟು ಹುಣ್ಣು ಮಾಡುತ್ತದೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ದೊಡ್ಡ ರಾಸಿಗೆ 30 ಮಿ.ಲೀ. ಟರ್ಪೆಂಟೈನನ್ನು ಅರ್ಧ ಲೀಟರ್ ತಿನ್ನುವ ಎಣ್ಣೆಯಲ್ಲಿ ಚೆನ್ನಾಗಿ ಬೆರೆಸಿ, ಒಮ್ಮೆ ಮಾತ್ರ, ಅದೂ ಪಶುವೈದ್ಯರು ಫೋನಿನಲ್ಲಾದರೂ ಹೇಳಿದ ಮೇಲೆ ಕೊಡಬೇಕು. ಕರುಗಳಿಗೆ, ಗಬ್ಬದ ರಾಸಿಗೆ ಮನೆಯಲ್ಲಿ ಕೊಡಲೇಬೇಡಿರಿ. ನನ್ನ ಅಭಿಪ್ರಾಯ ಕೇಳಿದರೆ ಟರ್ಪೆಂಟೈನ್ ಇಲ್ಲದೆ ಎಣ್ಣೆಯಿಂದಲೇ ಕೆಲಸ ಸಾಗುವಾಗ ಆ ಶೀಸೆಯನ್ನು ಮನೆಯಲ್ಲಿ ಇಡುವ ಅಗತ್ಯವೇ ಇಲ್ಲ. ಇಂದು ಔಷಧಿ ಅಂಗಡಿಗಳಲ್ಲಿ ನೊರೆ ಒಡೆಯಲೆಂದೇ ತಯಾರಿಸಿದ, ಸಿಲಿಕೋನ್ ಅಂಶವಿರುವ ದ್ರಾವಣಗಳು ಸಿಗುತ್ತವೆ. ವೈದ್ಯರನ್ನು ಕೇಳಿ ಅಂಥ ಒಂದು ಬಾಟಲಿ ತಂದಿಡುವುದು ಜಾಣತನ.

ಗೊಟ್ಟ ಎತ್ತುವ ಮೊದಲು ಒಂದು ನಿಮಿಷ ನಿಲ್ಲಿರಿ

ಈ ಪಾಠದ ಮುಖ್ಯ ಭಾಗ ಇದು. ರಾಸು ಏನು ತಿಂದಿತು, ಎಷ್ಟು ಹೊತ್ತಾಯಿತು ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿರಿ. ಮೇಯಿಸಲು ಹೋದ ಹುಡುಗನನ್ನು ಗದರಿಸದೆ ಕೇಳಿದರೆ ನಿಜ ಹೇಳುತ್ತಾನೆ.

ರಾಶಿಯ ಕಾಲದಲ್ಲಿ ಕಣ್ಣಿ ಹರಿದುಕೊಂಡ ಎಮ್ಮೆ ಕಣಕ್ಕೆ ನುಗ್ಗಿ ಜೋಳವನ್ನೋ ಗೋವಿನಜೋಳವನ್ನೋ ಹೊಟ್ಟೆ ತುಂಬ ತಿಂದಿದೆ ಎನ್ನಿರಿ. ಮದುವೆ ಮನೆಯ ಉಳಿದ ಅನ್ನ, ಹೋಳಿಗೆ, ಹಿಟ್ಟು ಹಾಕಿದಾಗಲೂ ಇದೇ ಕಥೆ. ಆಗ ಹೊಟ್ಟೆಯಲ್ಲಿ ವಿಪರೀತ ಆಮ್ಲ ಹುಟ್ಟುತ್ತದೆ. ತಿಂದ ಕೂಡಲೆ ಏನೂ ಕಾಣಿಸದೆ, ಅರ್ಧ ದಿನದಿಂದ ಒಂದು ದಿನದೊಳಗೆ ರಾಸು ಮಂಕಾಗುತ್ತದೆ, ತೂರಾಡುತ್ತದೆ, ಹುಳಿ ವಾಸನೆಯ ನೀರು ಬೇಧಿಯಲ್ಲಿ ಕಾಳು ಕಾಣುತ್ತದೆ, ಕಣ್ಣು ಗುಳಿ ಬೀಳುತ್ತವೆ, ಆಮೇಲೆ ನೆಲ ಹಿಡಿಯುತ್ತದೆ. ಹೊಟ್ಟೆ ಸ್ವಲ್ಪ ಉಬ್ಬಿರಬಹುದು, ಆದರೆ ಒತ್ತಿದರೆ ಗಾಳಿಗಿಂತ ನೀರು ತುಂಬಿದ ಚೀಲದಂತೆ ಅನಿಸುತ್ತದೆ. ಇದಕ್ಕೆ ಇಂಗು, ಎಣ್ಣೆ ಯಾವುದೂ ಮದ್ದಲ್ಲ. ಬೆಲ್ಲದ ಪಾನಕವಂತೂ ಕೂಡದು, ಸಕ್ಕರೆಯ ಅಂಶ ಆಮ್ಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕಾಳು ತಿಂದದ್ದು ಗೊತ್ತಾದ ಕೂಡಲೆ, ಲಕ್ಷಣ ಕಾಣುವ ಮೊದಲೇ, ವೈದ್ಯರನ್ನು ಕರೆಯಿರಿ. ಅವರು ಬರುವವರೆಗೆ ಕಾಳು, ಹಿಂಡಿ, ಹಿಟ್ಟು ನಿಲ್ಲಿಸಿ ಒಳ್ಳೆಯ ಒಣ ಕಣಿಕೆ ಮಾತ್ರ ಮುಂದಿಡಿರಿ. ಎಷ್ಟು ಅಡುಗೆ ಸೋಡಾ ಕೊಡಬೇಕು, ಶಿರಕ್ಕೆ ಯಾವ ದ್ರಾವಣ ಏರಿಸಬೇಕು ಎಂಬುದನ್ನು ಅವರು ತೀರ್ಮಾನಿಸುತ್ತಾರೆ.

ಇನ್ನೊಂದು, ನಮ್ಮ ಜೋಳದ ಸೀಮೆಯ ಹಳೆಯ ವೈರಿ. ಎಳೆಯ ಜೋಳ, ಅದರಲ್ಲೂ ಮಳೆ ಕೈಕೊಟ್ಟು ಬಾಡಿ ಗಿಡ್ಡಾದ ಜೋಳ, ಹಾಗೂ ಕಟಾವಿನ ನಂತರ ಕೂಳೆಯಿಂದ ಒಡೆದ ಚಿಗುರಿನಲ್ಲಿ ಸಯನೈಡ್ ವಿಷ ಹುಟ್ಟುವ ಅಂಶವಿರುತ್ತದೆ. ಇದನ್ನು ಮೇಯ್ದ ರಾಸು ಹತ್ತು ಹದಿನೈದು ನಿಮಿಷದಿಂದ ಒಂದು ಗಂಟೆಯೊಳಗೆ ಏದುಸಿರು ಬಿಡುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ನಡುಗುತ್ತದೆ, ಬೀಳುತ್ತದೆ. ಹೊಟ್ಟೆಯೂ ಉಬ್ಬುವುದರಿಂದ ಜನ ಇದನ್ನು ಉಬ್ಬರವೆಂದೇ ತಿಳಿದು ಇಂಗು ಅರೆಯಲು ಕೂಡುತ್ತಾರೆ. ತುಟಿ ಮೇಲೆತ್ತಿ ವಸಡು ನೋಡಿರಿ. ಸಯನೈಡ್ ವಿಷದಲ್ಲಿ ವಸಡು ಕಡು ಕೆಂಪಾಗಿರುತ್ತದೆ. ಸಾದಾ ಉಬ್ಬರ ಜೋರಾದಾಗ ಅದು ನೀಲಿ ಛಾಯೆಗೆ ತಿರುಗುತ್ತದೆ. ಈ ವಿಷಕ್ಕೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಮಾತ್ರ ಪರಿಹಾರ. ಅಲ್ಲಿ ನಿಮಿಷಗಳ ಲೆಕ್ಕ. ಜೊತೆಗೆ ಮೇಯ್ದ ಉಳಿದ ದನಗಳನ್ನು ತಕ್ಷಣ ಆ ಹೊಲದಿಂದ ಹೊರಗೆ ತನ್ನಿರಿ.

ಮೂರನೆಯದು ಗಂಟಲಲ್ಲಿ ಸಿಕ್ಕಿಕೊಂಡ ತುಂಡು. ರಾಸು ಕತ್ತು ಚಾಚಿ, ಜೊಲ್ಲು ಸುರಿಸುತ್ತಾ, ಮತ್ತೆ ಮತ್ತೆ ನುಂಗಲು ಪ್ರಯತ್ನಿಸುತ್ತಿದ್ದರೆ ಅನ್ನನಾಳ ಮುಚ್ಚಿದೆ ಎಂದರ್ಥ. ಆಗ ಕುಡಿಸಿದ ಎಣ್ಣೆ ಕೆಳಗೆ ಹೋಗಲು ದಾರಿಯೇ ಇಲ್ಲ. ಅದು ಉಕ್ಕಿ ಶ್ವಾಸನಾಳಕ್ಕೆ ಇಳಿಯುತ್ತದೆ. ಏನನ್ನೂ ಕುಡಿಸಬೇಡಿರಿ, ಕೋಲು ಹಾಕಿ ತಳ್ಳಲೂ ಹೋಗಬೇಡಿರಿ.

ಹಾಗೆಯೇ ಒಂದು ಎಮ್ಮೆ ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಉಬ್ಬುತ್ತಲೇ ಇದ್ದರೆ ಅದು ಮೇವಿನ ದೋಷವಲ್ಲ. ಮೊಳೆ, ತಂತಿ ಚುಚ್ಚಿಕೊಂಡಿರಬಹುದು, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟು ಇರಬಹುದು. ಎಮ್ಮೆಗಳಲ್ಲಿ ವಪೆ ಹರಿದು ಹೊಟ್ಟೆಯ ಭಾಗ ಎದೆಗೂಡಿಗೆ ನುಸುಳುವ ಕಾಯಿಲೆಯೂ ಕಾಣಸಿಗುತ್ತದೆ. ಪ್ರತಿ ಸಲ ಇಂಗು ಹಾಕಿ ಇಳಿಸುತ್ತಾ ಹೋದರೆ ಮೂಲ ಕಾಯಿಲೆ ಒಳಗೇ ಬೆಳೆಯುತ್ತದೆ. ಅಂಥ ರಾಸನ್ನು ದೊಡ್ಡ ಆಸ್ಪತ್ರೆಗೆ ತೋರಿಸಲೇಬೇಕು.

ಕುಡಿಸುವುದು ಹೇಗೆ?

ಹಸಿರು ಮೇವು ತಿಂದು ಉಬ್ಬಿದೆ, ವಸಡು ಸರಿಯಿದೆ, ರಾಸು ನಿಂತಿದೆ, ನುಂಗುತ್ತಿದೆ ಎಂದು ಖಚಿತವಾದರೆ ದೊಡ್ಡ ಆಕಳು ಅಥವಾ ಎಮ್ಮೆಗೆ 300ರಿಂದ 500 ಮಿ.ಲೀ. ತಿನ್ನುವ ಎಣ್ಣೆ ತೆಗೆದುಕೊಳ್ಳಿರಿ. ಒಳ್ಳೆಯ ಗಟ್ಟಿ ಇಂಗು ಇದ್ದರೆ 10ರಿಂದ 15 ಗ್ರಾಂ, ಸ್ವಲ್ಪ ಬಿಸಿ ನೀರಿನಲ್ಲಿ ಅರೆದು ಅದಕ್ಕೆ ಕಲಸಿರಿ. ಬೆಳೆದ ಆಡು, ಕುರಿಗೆ 50 ಮಿ.ಲೀ. ಎಣ್ಣೆ ಸಾಕು. ಎಣ್ಣೆ ಕಾದಿರಬಾರದು, ಕೈಗೆ ಉಗುರು ಬೆಚ್ಚಗೂ ಬೇಕಿಲ್ಲ.

ಗೊಟ್ಟ ಎತ್ತುವಾಗ ನಮ್ಮಲ್ಲಿ ಆಗುವ ತಪ್ಪು ಎಂದರೆ ಮೂವರು ಸೇರಿ ಮೂಗುದಾಣ ಹಿಡಿದು ತಲೆಯನ್ನು ಆಕಾಶಕ್ಕೆ ಎತ್ತುವುದು, ನಾಲಗೆ ಹೊರಗೆಳೆಯುವುದು, ಗೊಟ್ಟವನ್ನು ಒಮ್ಮೆಲೇ ಬೋರಲು ಹಾಕುವುದು. ನಾಲಗೆ ಹಿಡಿದರೆ ರಾಸು ನುಂಗಲಾರದು. ತಲೆ ಮೇಲಾದರೆ ಮದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಣ್ಣೆ ಅಲ್ಲಿಗೆ ಇಳಿದರೆ ಉಬ್ಬರ ಇಳಿದ ಸಂತೋಷದಲ್ಲಿ ನೀವಿರುವಾಗಲೇ ಎರಡು ಮೂರು ದಿನದಲ್ಲಿ ಜ್ವರ, ಕೆಮ್ಮು, ಮೂಗಿನಿಂದ ದುರ್ನಾತದ ಸಿಂಬಳ ಬಂದು ರಾಸು ನ್ಯುಮೋನಿಯಾದಿಂದ ಹೋಗುತ್ತದೆ. ಆಗ ‘ಉಬ್ಬರಕ್ಕೇ ಹೋಯಿತು’ ಎನ್ನುತ್ತೇವೆ.

ಆದ್ದರಿಂದ ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗದಂತೆ ಹಿಡಿಯಿರಿ. ಬಾಯಿಯ ಪಕ್ಕದ, ಹಲ್ಲಿಲ್ಲದ ಸಂದಿನಿಂದ ಗೊಟ್ಟದ ತುದಿ ಇಟ್ಟು ಗುಟುಕು ಗುಟುಕಾಗಿ ಬಿಡಿರಿ. ಪ್ರತಿ ಗುಟುಕಿಗೂ ಗಂಟಲು ನುಂಗುವುದನ್ನು ನೋಡಿರಿ. ಕೆಮ್ಮಿದರೆ ಕೂಡಲೆ ತಲೆ ಬಿಟ್ಟುಬಿಡಿರಿ. ಮೂಗಿನಿಂದ ಎಂದೂ ಹಾಕಬಾರದು. ನೆಲ ಹಿಡಿದ, ಬಾಯಿ ತೆರೆದು ಉಸಿರಾಡುವ ರಾಸಿಗೆ ಬಾಯಿಂದ ಏನನ್ನೂ ಕುಡಿಸಬೇಡಿರಿ.

ಕುಡಿಸಿದ ಮೇಲೆ ಎಡಪಕ್ಕೆಯನ್ನು ಮುಷ್ಟಿಯಿಂದ ಮೆಲ್ಲಗೆ ತಿಕ್ಕಿರಿ, ಎಣ್ಣೆ ನೊರೆಯ ಜೊತೆ ಬೆರೆಯುತ್ತದೆ. ಮುಂಗಾಲು ಎತ್ತರದಲ್ಲಿರುವಂತೆ ದಿಬ್ಬಕ್ಕೆ ಮುಖ ಮಾಡಿ ನಿಲ್ಲಿಸಿರಿ, ನಿಧಾನವಾಗಿ ನಡೆಸಾಡಿಸಿರಿ. ಬಾಯಿಗೆ ಅಡ್ಡಲಾಗಿ ಬೇವಿನ ಕೋಲು ಕಟ್ಟುವ ಹಿರಿಯರ ಉಪಾಯ ಬಹಳ ಒಳ್ಳೆಯದು. ರಾಸು ಅದನ್ನು ಅಗಿಯುತ್ತಾ ಜೊಲ್ಲು ನುಂಗುತ್ತದೆ, ಜೊಲ್ಲು ತಾನೂ ನೊರೆ ಇಳಿಸುತ್ತದೆ, ತೇಗಿಗೂ ದಾರಿಯಾಗುತ್ತದೆ. ಇಂಡಿಯ ಲಿಂಬೆ ಹೆಸರಾದದ್ದು ನಿಜ, ಆದರೆ ಸೋಡಾ ಪುಡಿಗೆ ಲಿಂಬೆ ಹಿಂಡಿ ಬುರುಗು ಬರುವಾಗಲೇ ಕುಡಿಸುವವರಿದ್ದಾರೆ. ಉಬ್ಬಿದ ಹೊಟ್ಟೆಗೆ ನಾವೇ ಇನ್ನಷ್ಟು ಗಾಳಿ ತುಂಬಿದಂತೆ ಅದು.

ಅರ್ಧ ಗಂಟೆಯಲ್ಲಿ ತೇಗು ಬಾರದಿದ್ದರೆ, ಅಥವಾ ಉಬ್ಬರ ಬೆನ್ನೆಲುಬಿನ ಮಟ್ಟ ದಾಟುತ್ತಿದ್ದರೆ, ಮತ್ತೊಂದು ಗೊಟ್ಟ ತುಂಬಬೇಡಿರಿ. ಗೊಟ್ಟ ತುಂಬುವ ಮೊದಲೇ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಕರೆ ಹೋಗಿರಬೇಕು. ವೈದ್ಯರು ಕೊಳವೆ ಇಳಿಸಿ ಗಾಳಿ ತೆಗೆಯುತ್ತಾರೆ, ಅನಿವಾರ್ಯವಾದರೆ ಟ್ರೋಕಾರ್ ಎಂಬ ಸಾಧನದಿಂದ ಪಕ್ಕೆಗೆ ರಂಧ್ರ ಮಾಡುತ್ತಾರೆ. ಅದನ್ನು ನೋಡಿ ಚಾಕು, ದಬ್ಬಣ ಹಿಡಿಯುವ ಧೈರ್ಯ ಬೇಡ. ನೊರೆ ಉಬ್ಬರದಲ್ಲಿ ಚುಚ್ಚಿದರೂ ಗಾಳಿ ಹೊರಬರುವುದಿಲ್ಲ, ಹೊಟ್ಟೆಯ ಕೊಳೆ ಒಳಗೆ ಸೋರಿ ಕೀವಾಗುತ್ತದೆ.

ಬೇಧಿಗೆ ಇಂಗು

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯದ ಜೊತೆಗೂಡಿ ಮನೆಮದ್ದುಗಳನ್ನು ಅಳತೆಗೆ ತಂದು ಪ್ರಚಾರ ಮಾಡುತ್ತಿದೆ. ಅದರಲ್ಲಿ ಸಾದಾ ಬೇಧಿಯ ಮದ್ದಿಗೆ 5 ಗ್ರಾಂ ಇಂಗು ಸೇರಿದೆ. ಜೀರಿಗೆ, ಮೆಂತೆ, ಗಸಗಸೆಯ ಜೊತೆ ಇಂಗನ್ನು ಹುರಿದು ಪುಡಿ ಮಾಡಿ, ಮೆಣಸು, ಈರುಳ್ಳಿ, ಬೆಳ್ಳುಳ್ಳಿ, ಅರಿಷಿಣ, ಕರಿಬೇವು, ಬೆಲ್ಲದ ಜೊತೆ ಅರೆದು ಸಣ್ಣ ಉಂಡೆ ಕಟ್ಟುತ್ತಾರೆ. ಉಂಡೆಗೆ ಉಪ್ಪು ಸವರಿ ನಾಲಗೆಗೆ ತಿಕ್ಕುವುದು ಅದರ ವಿಶೇಷ. ಗೊಟ್ಟದ ಅಪಾಯ ಇಲ್ಲಿಲ್ಲ. ಆದರೆ ಬೇಧಿಯಲ್ಲಿ ರಕ್ತ ಕಂಡರೆ, ಜ್ವರವಿದ್ದರೆ ಅಥವಾ ಕರು ಸೋತಿದ್ದರೆ ಉಂಡೆ ಕಟ್ಟುತ್ತಾ ಕೂಡಬಾರದು. ಕರುವಿನ ಬೇಧಿಯಲ್ಲಿ ಪ್ರಾಣ ತೆಗೆಯುವುದು ಮೈಯ ನೀರು ಬತ್ತುವುದು.

ಬಜಾರಿನಲ್ಲಿ ನಾಡಿ ಹಿಂಗು, ಡಿಕಮಲಿ ಎಂದು ಸಿಗುವ ಇನ್ನೊಂದು ರಾಳವಿದೆ. ಅದು ಬಿಕ್ಕೆ ಜಾತಿಯ ಗಿಡದ ಚಿಗುರಿನಲ್ಲಿ ಒಸರುವಂಥದು, ಇಂಗಿನ ಬಳಗದ್ದಲ್ಲ. ಹೆಸರು ನೋಡಿ ಅದಲು ಬದಲು ಮಾಡಬೇಡಿರಿ. ಗಾಯಕ್ಕೆ ನೊಣ ಕೂಡದಂತೆ ಹಚ್ಚಲು ಅದು ಒಳ್ಳೆಯದು.

ಕಲ್ಯಾಣ ಚಾಲುಕ್ಯರ ಮನೆತನದ ಕೀರ್ತಿವರ್ಮನು ಸುಮಾರು 900 ವರ್ಷಗಳ ಹಿಂದೆ ‘ಗೋವೈದ್ಯ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ನಮ್ಮ ಈ ಸೀಮೆ ಆ ಅರಸರ ನಾಡೇ ಆಗಿತ್ತು. ದನದ ವೈದ್ಯವನ್ನು ರಾಜಮನೆತನದವನು ಕೂತು ಬರೆಯುವಷ್ಟು ಘನವಾದ ವಿದ್ಯೆ ಎಂದು ಆಗಿನವರು ತಿಳಿದಿದ್ದರು.

ಹಾಲಿನ ವಿಷಯ

ಇಂಗು ಅಥವಾ ಟರ್ಪೆಂಟೈನ್ ಕೊಟ್ಟ ರಾಸಿನ ಹಾಲಿಗೆ ಆ ವಾಸನೆ ಇಳಿಯುತ್ತದೆ. ಸಂಘದಲ್ಲಿ ಹಾಲು ಅಳೆಯುವ ಮೊದಲು ಕಾರ್ಯದರ್ಶಿಯವರು ಮೂಸಿ ನೋಡುವುದು ಸುಮ್ಮನೆ ಅಲ್ಲ. ನಿಮ್ಮ ನಾಲ್ಕು ಲೀಟರ್ ಕ್ಯಾನಿಗೆ ಬಿದ್ದರೆ ಊರಿನ ಎಲ್ಲರ ಹಾಲಿಗೂ ವಾಸನೆ ಹಿಡಿಯುತ್ತದೆ, ಕ್ಯಾನೇ ತಿರಸ್ಕಾರವಾಗಬಹುದು. ಮದ್ದು ಕೊಟ್ಟ ರಾಸಿನ ಹಾಲನ್ನು ಬೇರೆಯಾಗಿಯೇ ಹಿಂಡಿ, ವಾಸನೆ ಪೂರ್ತಿ ಹೋಗುವವರೆಗೆ ಸಂಘಕ್ಕೆ ಹಾಕಬೇಡಿರಿ. ವೈದ್ಯರು ಚುಚ್ಚುಮದ್ದು ಕೊಟ್ಟಿದ್ದರೆ ಎಷ್ಟು ದಿನ ಹಾಲು ಬಿಡಬೇಕೆಂದು ಅವರನ್ನೇ ಕೇಳಿರಿ. ಗೊಟ್ಟ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕೆಚ್ಚಲು ಮುಟ್ಟಬಾರದು.

ಉಬ್ಬರ ಬಾರದಂತೆ ಮೇಯಿಸುವುದು

ಎಳೆಯ ಹಸಿರು ಮೇವು ಹಾಕುವ ಮೊದಲು ಒಂದಿಷ್ಟು ಒಣ ಕಣಿಕೆ ತಿನ್ನಿಸಿರಿ. ಹಸಿದ ದನವನ್ನು ಬೆಳಗಿನ ಮಂಜು ಬಿದ್ದ ಕಡಲೆ ಹೊಲಕ್ಕೋ ಮೆಂತೆ ಮಡಿಗೋ ಬಿಡಬೇಡಿರಿ. ದ್ವಿದಳ ಮೇವನ್ನು ಕೊಯ್ದು ಅರ್ಧ ದಿನ ಬಾಡಿಸಿ, ಕಣಿಕೆಯ ಜೊತೆ ಕತ್ತರಿಸಿ ಬೆರೆಸಿ ಹಾಕುವುದು ಉತ್ತಮ. ಯಾವ ಹೊಸ ಮೇವಾದರೂ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹತ್ತು ಹದಿನೈದು ದಿನದಲ್ಲಿ ಪೂರ್ಣ ಪ್ರಮಾಣಕ್ಕೆ ತನ್ನಿರಿ, ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು. ಮೇವಿನ ಜೋಳವನ್ನು ಹೂ ಬಂದ ಮೇಲೆಯೇ ಕೊಯ್ಯಿರಿ. ಕೂಳೆ ಚಿಗುರಿನ ಹೊಲಕ್ಕೆ ದನ ನುಗ್ಗದಂತೆ ನೋಡಿಕೊಳ್ಳಿರಿ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ವಿಷದ ಭಯ ಬಹುಮಟ್ಟಿಗೆ ಕಳೆದಿರುತ್ತದೆ. ರಾಶಿ ನಡೆದಿರುವ ದಿನಗಳಲ್ಲಿ ಕಣದ ಹತ್ತಿರ ದನ ಕಟ್ಟಬೇಡಿರಿ. ಕಟ್ಟಲೇಬೇಕಾದರೆ ರಾತ್ರಿ ಮಲಗುವ ಮೊದಲು ಕಣ್ಣಿಯನ್ನು ಒಮ್ಮೆ ಜಗ್ಗಿ ನೋಡಿರಿ.